ಹೆತ್ತ ರಾತ್ರಿ ಒಂದು ಬಟ್ಟಲು ಬಿಸಿ ಗಂಜಿ: ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ, ಹಾಗೆಯೇ ನಮ್ಮ ತಾಲ್ಲೂಕು ಆಸ್ಪತ್ರೆಗಳ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರೆಲ್ಲರಿಗೆ,

ನಮಸ್ಕಾರ.

ನಾನು ಹಾವೇರಿ ಜಿಲ್ಲೆಯವಳು. ಎರಡು ಮಕ್ಕಳ ತಾಯಿ. ಎರಡೂ ಹೆರಿಗೆ ಸರ್ಕಾರಿ ಆಸ್ಪತ್ರೆಯಲ್ಲೇ ಆದವು. ದುಡ್ಡು ಕಟ್ಟದೆ, ಜೀವಕ್ಕೆ ಏನೂ ಆಗದೆ, ಮಡಿಲಲ್ಲಿ ಕೂಸು ಇಟ್ಟುಕೊಂಡು ಮನೆಗೆ ಬಂದಿದ್ದೇನೆ. ಆ ಋಣ ನನಗೆ ಗೊತ್ತು. ಅದಕ್ಕೇ ಈ ಪತ್ರವನ್ನು ಸಿಟ್ಟಿನಿಂದ ಬರೆಯುತ್ತಿಲ್ಲ. ಕೇಳುವುದು ಒಂದೇ ಮಾತು. ಹೆಂಗಸು ಯಾವ ಹೊತ್ತಿಗೇ ಹೆರಲಿ, ರಾತ್ರಿ ಎರಡು ಗಂಟೆಗೇ ಹೆರಲಿ, ಆಕೆಗೆ ತಿನ್ನಲು ಬಿಸಿಯಾಗಿ ಏನಾದರೂ ವಾರ್ಡಿನಲ್ಲೇ ಸಿಗಬೇಕು.

ಯಾಕೆ ಅಂತ ಹೇಳಬೇಕಾದರೆ ನನ್ನ ಮೊದಲ ಹೆರಿಗೆಯ ರಾತ್ರಿಯಿಂದ ಶುರು ಮಾಡಬೇಕು.

ಬೆಳಿಗ್ಗೆ ಹತ್ತರ ಸುಮಾರಿಗೆ ನೋವು ಕಾಣಿಸಿಕೊಂಡಿತು. ಮನೆಯಲ್ಲಿ ಅರ್ಧ ರೊಟ್ಟಿ ತಿಂದಿದ್ದೆ, ಅಷ್ಟೇ. ಆಸ್ಪತ್ರೆಗೆ ಬಂದ ಮೇಲೆ ಏನೂ ತಿನ್ನಬೇಡ ಅಂದರು. ನೀರು ಕೇಳಿದರೆ ಒಂದೆರಡು ಗುಟುಕು. ಮಗಳು ಹುಟ್ಟಿದ್ದು ರಾತ್ರಿ ಎರಡು ದಾಟಿದ ಮೇಲೆ. ಹೊಲಿಗೆ ಹಾಕಿ, ಒರೆಸಿ, ಬೇರೆ ಸೀರೆ ಉಡಿಸಿ, ಮಂಚಕ್ಕೆ ತಂದು ಮಲಗಿಸಿದರು. ಕೂಸನ್ನು ಪಕ್ಕಕ್ಕೆ ಹಾಕಿದರು. ಆಗ ಹಸಿವು ಬಂತು ನೋಡಿ! ಅದುವರೆಗೆ ಅಂಥ ಹಸಿವು ನಾನು ಕಂಡಿರಲಿಲ್ಲ. ಕೈಕಾಲು ಗಡಗಡ ನಡುಗುತ್ತಿದ್ದವು. ಒಂಬತ್ತು ತಿಂಗಳು ಸವಣೂರು ಖಾರ ಬೇಕು, ಗಿರ್ಮಿಟ್ ಬೇಕು, ಹುಣಸೇಕಾಯಿ ಬೇಕು ಅಂತ ಬಯಸಿದವಳಿಗೆ ಆಗ ಬೇಕಾಗಿದ್ದು ಬಿಸಿ ಅನ್ನ, ಅದರ ಮೇಲೆ ಒಂದು ಸೌಟು ಮೆಣಸಿನ ಸಾರು. ಅದರ ವಾಸನೆ ಮೂಗಿಗೆ ಬಂದಂಗೇ ಆಗುತ್ತಿತ್ತು.

"ಅವ್ವಾ, ತಿನ್ನಾಕ ಏನರ ಐತೇನ?" ಅಂದೆ.

ಅವ್ವ ಸಂಜೆ ತಂದಿದ್ದ ಬುತ್ತಿ ಹಳಸಿತ್ತು. ಆಸ್ಪತ್ರೆಯ ರಾತ್ರಿ ಊಟ ಏಳೂವರೆಗೇ ಬಂದು ಹೋಗಿತ್ತು. ಆಗ ನಾನು ಹೆರಿಗೆ ಕೋಣೆಯಲ್ಲಿದ್ದೆ. ನನ್ನ ಹೆಸರಿಗೆ ತಟ್ಟೆ ಬಂದಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅವ್ವ ಕತ್ತಲಲ್ಲಿ ಒಬ್ಬಳೇ ಗೇಟು ದಾಟಿ ಬಸ್ ಸ್ಟ್ಯಾಂಡಿನವರೆಗೆ ನಡೆದುಹೋದಳು. ಚಹಾದ ಅಂಗಡಿ ಒಂದೇ ತೆರೆದಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಚಹಾ ಕಟ್ಟಿಸಿಕೊಂಡು, ಎರಡು ಬನ್ ತಗೊಂಡು ಬಂದಳು. ಚೀಲದ ಬಾಯಿಗೆ ಸುತ್ತಿದ್ದ ದಾರ ಬಿಚ್ಚಲು ಬರದೆ ಹಲ್ಲಿನಿಂದ ಕಚ್ಚಿ ಹರಿದಳು. ಅಷ್ಟೊತ್ತಿಗೆ ಚಹಾ ಆರಿಹೋಗಿತ್ತು.

ಪಕ್ಕದ ಮಂಚದಲ್ಲಿ ನನಗಿಂತ ಒಂದು ತಾಸು ಮುಂಚೆ ಹೆತ್ತವಳು ಮಲಗಿದ್ದಳು. ಬನ್ ಕಡೆ ನೋಡಿದಳು, ಆಮೇಲೆ ಗೋಡೆ ಕಡೆ ಮುಖ ತಿರುಗಿಸಿದಳು. ಅವ್ವ ಒಂದು ಬನ್ ಅವಳ ಕೈಗೆ ಕೊಟ್ಟಳು. ಆಚೆ ಇನ್ನೊಬ್ಬಳಿದ್ದಳು, ನನ್ನ ಬನ್ನಲ್ಲಿ ಅರ್ಧ ಅವಳಿಗೆ ಹೋಯಿತು. ಇದನ್ನೆಲ್ಲ ಡ್ಯೂಟಿ ಸಿಸ್ಟರ್ ನೋಡುತ್ತಿದ್ದರು. ಸುಮ್ನೆ ಒಳಗೆ ಹೋಗಿ ತಮ್ಮ ಡಬ್ಬಿ ತಂದರು. ಎರಡು ಚಪಾತಿ, ಬದನೇಕಾಯಿ ಪಲ್ಯ. "ನಾ ಆಮ್ಯಾಲೆ ಏನರ ತಿಂತೀನಿ, ನೀವು ತಿನ್ರಿ" ಅಂದರು. ಬದನೇಕಾಯಿ ನಂಜು ಅಂತ ಅವ್ವ ಪಲ್ಯ ತೆಗೆದಿಟ್ಟು ಬರೀ ಚಪಾತಿ ಕೊಟ್ಟಳು. ಆ ಸಿಸ್ಟರ್ ಬೆಳಗಿನವರೆಗೆ ಏನು ತಿಂದರೋ, ನಾನು ಕೇಳಲೇ ಇಲ್ಲ. ಇವತ್ತಿಗೂ ಆ ಸಂಕಟ ಇದೆ.

ಸಚಿವರೇ, ಇದು ಯಾರೋ ಒಬ್ಬರ ತಪ್ಪಲ್ಲ. ಅಡುಗೆಯವರು ಹೊತ್ತಿಗೆ ಸರಿಯಾಗಿ ಊಟ ತಂದಿದ್ದರು. ಸಿಸ್ಟರ್ ತಮ್ಮ ಊಟವನ್ನೇ ಕೊಟ್ಟರು. ಊಟಕ್ಕೆ ಹೊತ್ತು ಗೊತ್ತು ಮಾಡಬಹುದು, ಹೆರಿಗೆಗೆ ಆಗುತ್ತಾ? ತೊಂದರೆ ಇರುವುದು ಅಲ್ಲಿ.

ನಮ್ಮ ಕಡೆ ಬಸುರಿಯ ಬಯಕೆಗೆ ಎಷ್ಟು ಮರ್ಯಾದೆ ಇದೆ ಅಂತ ನಿಮಗೂ ಗೊತ್ತು. ಮೊದಲು ಸದ್ದಿಲ್ಲದೆ ಕಳ್ಳ ಕುಬುಸ. ಆಮೇಲೆ ಊರಿಗೆಲ್ಲ ಹೇಳಿ ದೊಡ್ಡ ಕುಬುಸ. ಹಸಿರು ಸೀರೆ, ಹಸಿರು ಬಳೆ. ತವರಿನಿಂದ ಬುತ್ತಿ ಬರುತ್ತದೆ: ಮೊಸರು ಬುತ್ತಿ, ಹುಳಿ ಬುತ್ತಿ, ಶೇಂಗಾ ಹೋಳಿಗೆ, ಕರ್ಚಿಕಾಯಿ, ಸಜ್ಜಿ ರೊಟ್ಟಿ. ಬಯಕೆ ತೀರಿಸದಿದ್ದರೆ ಹುಟ್ಟೋ ಕೂಸಿನ ಕಿವಿ ಸೋರುತ್ತದೆ ಅಂತಾರೆ. ಅದು ನಂಬಿಕೆ ಅಷ್ಟೇ, ಆದರೆ ಅದರ ಹಿಂದೆ ಒಳ್ಳೆಯ ಮನಸ್ಸಿದೆ. ಬಡವರ ಮನೆಯಲ್ಲೂ ಸೊಸೆ ಬಾಯಿಬಿಟ್ಟು ಕೇಳಬಹುದಾದ ಕಾಲ ಅದೊಂದೇ. ಅತ್ತೆಯೂ ಇಲ್ಲ ಅನ್ನುವುದಿಲ್ಲ. ನಮ್ಮ ಮನೆಯವರು ನಡುರಾತ್ರಿ ಬೈಕ್ ಹತ್ತಿ ಮಿರ್ಚಿ ಹುಡುಕಿಕೊಂಡು ಹೋಗಿದ್ದುಂಟು.

ಹೆತ್ತ ಮೇಲೆ ಮನೆಯವರ ಕಣ್ಣೆಲ್ಲ ಕೂಸಿನ ಮೇಲೆ. ತಾಯಿ ಉಂಡಳಾ ಅಂತ ಕೇಳುವವರು ಅವಳ ಅವ್ವ ಒಬ್ಬಳೇ. ಆದರೆ ಲೆಕ್ಕ ಏನು ಹೇಳುತ್ತದೆ ಗೊತ್ತಾ? ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್, 2020ರಲ್ಲಿ ಹೇಳಿದ ಪ್ರಕಾರ ಬಸುರಿಗೆ ದಿನಕ್ಕೆ ಹೆಚ್ಚಿಗೆ ಬೇಕಾಗುವುದು 350 ಕ್ಯಾಲೊರಿ. ಎದೆಹಾಲು ಕೊಡುವ ತಾಯಿಗೆ ಮೊದಲ ಆರು ತಿಂಗಳು 600 ಕ್ಯಾಲೊರಿ ಹೆಚ್ಚಿಗೆ ಬೇಕು. ಬಸುರಿಗಿಂತ ಬಾಣಂತಿಗೇ ಜಾಸ್ತಿ. ಸುಸೂತ್ರ ಹೆರಿಗೆಯಲ್ಲೂ ಅರ್ಧ ಲೀಟರಿನವರೆಗೆ ರಕ್ತ ಹೋಗಬಹುದು. ಹಿಂದಿನ ದಿನವಿಡೀ ಉಪವಾಸ, ಮೇಲೆ ಹೆರಿಗೆ ನೋವು, ಅದರ ಮೇಲೆ ಈ ರಕ್ತ. ಕೂಸು ಹಾಲಿಗೆ ಬಾಯಿ ಹಾಕುವ ಹೊತ್ತಿಗೆ ತಾಯಿ ಹೊಟ್ಟೆಯಲ್ಲಿ ಏನೂ ಇಲ್ಲ.

ಈ ಉಪವಾಸ ಎಲ್ಲಿಂದ ಬಂತು ಅಂತ ಆಮೇಲೆ ನಾನು ಓದಿ ತಿಳಿದುಕೊಂಡೆ. 1946ರಲ್ಲಿ ಕರ್ಟಿಸ್ ಮೆಂಡೆಲ್ಸನ್ ಅನ್ನುವ ನ್ಯೂಯಾರ್ಕಿನ ಡಾಕ್ಟರ್ ಒಂದು ಲೇಖನ ಬರೆದರು. ಪೂರ್ತಿ ಪ್ರಜ್ಞೆ ತಪ್ಪಿಸಿ ಹೆರಿಗೆ ಮಾಡಿಸುವಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ ಪ್ರಸಂಗಗಳನ್ನು ಅವರು ಲೆಕ್ಕ ಹಾಕಿದ್ದರು. 44,016 ಗರ್ಭಿಣಿಯರಲ್ಲಿ 66 ಮಂದಿಗೆ ಹಾಗಾಗಿತ್ತು. ಆ ಕಾಲಕ್ಕೆ ಅದು ದೊಡ್ಡ ಭಯವೇ. ಅಲ್ಲಿಂದ ಹೆರಿಗೆ ಕೋಣೆಯಲ್ಲಿ ಊಟ ಕೊಡಬಾರದು ಅನ್ನುವ ರೂಢಿ ಗಟ್ಟಿಯಾಯಿತು. ಈಗ ಸಿಸೇರಿಯನ್ ಆದರೂ ಸಾಮಾನ್ಯವಾಗಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ನೇರವಾಗಿಯೇ ಹೇಳಿದೆ: ತೊಡಕಿನ ಲಕ್ಷಣ ಇಲ್ಲದ ಹೆಂಗಸಿಗೆ ಹೆರಿಗೆ ನೋವಿನ ಹೊತ್ತಿನಲ್ಲಿ ಕುಡಿಯಲು, ತಿನ್ನಲು ಬಿಡಬೇಕು. ಯಾರಿಗೆ ಬೇಡ ಅನ್ನುವುದನ್ನು ಡಾಕ್ಟರೇ ತೀರ್ಮಾನ ಮಾಡಲಿ. ನಾನು ಡಾಕ್ಟರಲ್ಲ. ಆದರೆ ಎಲ್ಲರಿಗೂ ಒಂದೇ ಸಮ ಉಪವಾಸ ಹಾಕುವುದು ಬೇಕಾ?

ಸಿಸೇರಿಯನ್ ಆದವರದ್ದು ಇನ್ನೂ ಕಷ್ಟ. ನನ್ನ ಎದುರು ಮಂಚದ ಹುಡುಗಿಗೆ ಮರುದಿನ ಮಧ್ಯಾಹ್ನದವರೆಗೆ ಏನೂ ಕೊಡಲಿಲ್ಲ. ಗ್ಯಾಸ್ ಹೋಗಲಿ ಅಂದರು. ತುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಮಲಗಿದ್ದಳು. ಆಪರೇಷನ್ ಆದ ಎರಡು ತಾಸಿನೊಳಗೇ ಎಂದಿನ ಊಟ ಶುರು ಮಾಡಬಹುದು ಅಂತ ಈಗಿನ ವೈದ್ಯಕೀಯ ಮಾರ್ಗಸೂಚಿಗಳಿವೆ. ನಮ್ಮ ರಾಜ್ಯದಲ್ಲಿ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲಿ ಆಗುತ್ತವೆ, 31ಕ್ಕಿಂತ ಹೆಚ್ಚು ಸಿಸೇರಿಯನ್. ಅಂದರೆ ಇದು ನಾಲ್ಕೈದು ಮಂದಿಯ ಪಾಡಲ್ಲ. ಹಿಂದೆ ಮನೆಯಲ್ಲಿ ಹೆರುವಾಗ ಒಲೆ ಪಕ್ಕದಲ್ಲೇ ಇರುತ್ತಿತ್ತು. ಈಗ ಹೆರಿಗೆ ಆಸ್ಪತ್ರೆಗೆ ಬಂತು, ಒಲೆ ಮನೆಯಲ್ಲೇ ಉಳಿಯಿತು.

ಸರ್ಕಾರ ಈ ಊಟದ ಹಕ್ಕನ್ನು ಯಾವಾಗಲೋ ಒಪ್ಪಿಕೊಂಡಿದೆ. 2011ರ ಜೂನ್ 1ರಂದು ಶುರುವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಹೆರಿಗೆ, ಔಷಧ, ಪರೀಕ್ಷೆ, ರಕ್ತ, ವಾಹನದ ಜೊತೆಗೆ ಊಟವೂ ಉಚಿತ. ಸಾದಾ ಹೆರಿಗೆಗೆ 3 ದಿನ, ಸಿಸೇರಿಯನ್ನಿಗೆ 7 ದಿನದವರೆಗೆ. ನಮ್ಮ ರಾಜ್ಯವೇ 2017ರ ಅಕ್ಟೋಬರ್ 2ರಂದು ಮಾತೃಪೂರ್ಣ ತಂದಿತು. ಬಸುರಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿ ಊಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಒಳ್ಳೆಯ ಯೋಜನೆ. ನಾನೂ ಉಂಡಿದ್ದೇನೆ. ಆದರೆ ಹಸಿ ಬಾಣಂತಿ ಅಂಗನವಾಡಿಗೆ ನಡೆದು ಬರುವುದಿಲ್ಲ. ಅವಳು ಇರುವುದು ಆಸ್ಪತ್ರೆ ಮಂಚದ ಮೇಲೆ. ಕಾಗದದಲ್ಲಿರುವ ಊಟ ಅವಳ ಮಂಚದ ತನಕ ಬರಬೇಕು, ಅವಳಿಗೆ ಹಸಿವಾದ ಹೊತ್ತಿಗೆ ಬರಬೇಕು.

ಇನ್ನೊಂದು ವಿಷಯ. ಹೆರಿಗೆ ಆದ ಮೇಲೆ 48 ಗಂಟೆ ಆಸ್ಪತ್ರೆಯಲ್ಲೇ ಇರಬೇಕು ಅಂತ ಸರ್ಕಾರವೇ ಹೇಳುತ್ತದೆ. ರಕ್ತಸ್ರಾವದ ಅಪಾಯ ಮೊದಲ ದಿನವೇ ಜಾಸ್ತಿ ಅಂತ ಸಿಸ್ಟರ್ ಕೂಡ ಹೇಳಿದರು. ಆದರೂ ನಮ್ಮ ವಾರ್ಡಿನಲ್ಲಿ ಮರುದಿನ ಸಂಜೆಯೇ ಬರೆದುಕೊಟ್ಟು ಮನೆಗೆ ಹೊರಟವರಿದ್ದರು. ಯಾಕೆ ಅಂತ ಕೇಳಿದ್ದಕ್ಕೆ ಒಬ್ಬರ ಅತ್ತೆ ಅಂದದ್ದು ಹೀಗೆ: "ಮನ್ಯಾಗ ಒಂದು ತುತ್ತು ಬಿಸಿ ಅನ್ನ, ಬಿಸಿ ನೀರು ಆದ್ರೂ ಸಿಗತೈತಿ." ಬಿಸಿ ನೀರಿಗಾಗಿ ಆ ಬಾಣಂತಿ ಅಪಾಯದ ಹೊತ್ತಿನಲ್ಲಿ ಮನೆಗೆ ಹೋದಳು. ಆಸ್ಪತ್ರೆಯಲ್ಲೇ ಆ ಬಿಸಿ ನೀರು ಸಿಕ್ಕಿದ್ದರೆ ಇನ್ನೊಂದು ದಿನ ಇರುತ್ತಿದ್ದಳು ಅಲ್ವಾ?

ಬಯಕೆ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಇದನ್ನು ಹೇಳಿಕೊಳ್ಳಲು ನಾಚಿಕೆ ಆಗುತ್ತಿತ್ತು, ಈಗ ಬಿಟ್ಟಿದ್ದೇನೆ. ಐದನೇ ತಿಂಗಳಿನಿಂದ ನಾನು ಬಳಪ ತಿನ್ನುತ್ತಿದ್ದೆ. ಸೀರೆ ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡಿರುತ್ತಿದ್ದೆ. ಮಳೆ ಬಂದರೆ ಹಸಿ ಮಣ್ಣಿನ ವಾಸನೆಗೆ ಬಾಯಲ್ಲಿ ನೀರು ಬರುತ್ತಿತ್ತು. ನಮ್ಮ ಓಣಿಯಲ್ಲಿ ಹಸಿ ಅಕ್ಕಿ ತಿನ್ನುವವರು, ಒಲೆ ಬೂದಿ ನೆಕ್ಕುವವರು, ಗೋಡೆ ಮಣ್ಣು ಕೆರೆದು ತಿನ್ನುವವರು ಎಲ್ಲರೂ ಇದ್ದಾರೆ. ಬಸುರಿ ಬಯಕೆ ಅಂತ ನಕ್ಕು ಬಿಡುತ್ತೇವೆ. ಕಂಡುಹಿಡಿದದ್ದು ನಮ್ಮ ಆಶಾ ಅಕ್ಕ. ನನ್ನ ನಾಲಿಗೆ ಮೇಲೆ ಬಿಳಿ ಪುಡಿ ನೋಡಿದರು. ಬೈಯಲಿಲ್ಲ. "ಎಷ್ಟು ದಿನದಿಂದ?" ಅಂತ ಮೆಲ್ಲಗೆ ಕೇಳಿದರು. ಮರುದಿನ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2. ಬಸುರಿಗೆ 11 ಇರಬೇಕು.

ಮಣ್ಣು, ಬಳಪ, ಬೂದಿ ಬೇಕು ಅನ್ನಿಸುವುದಕ್ಕೂ ರಕ್ತದಲ್ಲಿ ಕಬ್ಬಿಣದ ಕೊರತೆಗೂ ನಂಟಿದೆ. ಬಳಪ ತಿಂದರೆ ಕಬ್ಬಿಣ ಸಿಗುವುದಿಲ್ಲ, ಮಣ್ಣಿನಿಂದ ಜಂತು ಬೇರೆ ಸೇರಿಕೊಳ್ಳಬಹುದು. ನನಗೆ ಕಬ್ಬಿಣದ ಇಂಜೆಕ್ಷನ್ ಹಾಕಿಸಿದರು. ಮಾತ್ರೆಯನ್ನು ಚಹಾ ಜೊತೆ ನುಂಗಬಾರದು, ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ ಅಂತಲೂ ಆಶಾ ಅಕ್ಕನೇ ಹೇಳಿದ್ದು. ಅದುವರೆಗೆ ನಾನು ದಿನಾ ಚಹಾದಲ್ಲೇ ನುಂಗುತ್ತಿದ್ದೆ. ಆರು ವಾರದಲ್ಲಿ ಬಳಪದ ಆಸೆ ತಾನಾಗಿ ಹೋಯಿತು. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ನೂರು ಬಸುರಿಯರಲ್ಲಿ ಸುಮಾರು 46 ಮಂದಿಗೆ ರಕ್ತಹೀನತೆ ಇದೆ. ತಾಯಿ ಕಾರ್ಡಿನಲ್ಲಿ ತೂಕ, ಬಿಪಿ ಎಲ್ಲ ಬರೆಯುತ್ತಾರೆ. "ಏನು ತಿನ್ನಬೇಕು ಅನ್ನಿಸುತ್ತಮ್ಮಾ? ಮಣ್ಣು, ಬಳಪ ಏನಾದರೂ?" ಅಂತ ಪ್ರತಿ ತಪಾಸಣೆಯಲ್ಲಿ ಕೇಳಲು ಅರ್ಧ ನಿಮಿಷ ಸಾಕು. ಅದಕ್ಕೂ ಒಂದು ಸಾಲು ಜಾಗ ಮಾಡಿಸಿ.

ಅವ್ವನಂಥವರು ಹೇಳುವುದೆಲ್ಲ ಸರಿ ಅಂತ ನಾನು ವಾದಿಸುತ್ತಿಲ್ಲ. ಬೆಳ್ಳುಳ್ಳಿ, ಮೆಣಸು, ಸಬ್ಬಸಿಗೆ ಸೊಪ್ಪು, ಅಂಟಿನುಂಡೆ, ಅಳವಿ ಪಾಯಸ — ಇವೆಲ್ಲ ಬಾಣಂತಿಗೆ ಎಷ್ಟು ಹಿತ ಅಂತ ತಿಂದವರಿಗೇ ಗೊತ್ತು. ಆದರೆ ನೀರು ಕುಡಿಯಬೇಡ, ಬೇಳೆ ತಿನ್ನಬೇಡ, ಹಣ್ಣು ಶೀತ, ಮೊಟ್ಟೆ ನಂಜು ಅಂತ ಬರೀ ಬಿಳಿ ಅನ್ನ ಹಾಕುವ ಮನೆಗಳೂ ಇವೆ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು ಇದರ ಮೇಲೆ ಅಧ್ಯಯನ ಮಾಡಿದ್ದಾರೆ. ಬರೀ ಎದೆಹಾಲು ಕುಡಿಯುವ ಎಳೆ ಕೂಸುಗಳು ಉಸಿರಿಗೆ ಒದ್ದಾಡುತ್ತಾ ಬರುತ್ತಿದ್ದವು. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿರುತ್ತಿತ್ತು. ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊಟ್ಟರೆ ಚೇತರಿಸಿಕೊಳ್ಳುತ್ತಿದ್ದವು. ತಾಯಂದಿರು ಉಣ್ಣುತ್ತಿದ್ದದ್ದು ಪಾಲಿಶ್ ಮಾಡಿದ ಅಕ್ಕಿಯ ಅನ್ನ, ಅದರ ಜೊತೆ ಪಥ್ಯ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನನ್ನ ಮೊದಲ ಬಾಣಂತನದಲ್ಲಿ ನಾನೂ ಮೂರು ವಾರ ಅದನ್ನೇ ಉಂಡಿದ್ದೆ.

ಹಾಗಾಗಿ ಆಸ್ಪತ್ರೆಯ ಊಟಕ್ಕೆ ಇನ್ನೊಂದು ಕೆಲಸವೂ ಇದೆ. ಬಾಣಂತಿ ಏನು ಉಣ್ಣಬಹುದು ಅಂತ ಅತ್ತೆ, ಅವ್ವ ಇಬ್ಬರೂ ಕಣ್ಣಾರೆ ನೋಡುವ ಜಾಗ ಅದು. ಆದರೆ ಊಟ ಹೇಗೆ ಬರುತ್ತದೆ ನೋಡಿ. ಆರಿದ ಅನ್ನ, ಇಡೀ ಆಸ್ಪತ್ರೆಗೆ ಮಾಡಿದ ಸಾಂಬಾರು. ಅವ್ವ ಮೂಸಿ ನೋಡಿ ಪಕ್ಕಕ್ಕಿಡುತ್ತಾಳೆ. ಮೊಟ್ಟೆ ಬಂದರೆ ಜೊತೆಗೆ ಬಂದ ಹುಡುಗರಿಗೆ ಹೋಗುತ್ತದೆ. ಅದೇ ಹೆಸರುಬೇಳೆ ಹಾಕಿದ ಬಿಸಿ ಮೆಣಸಿನ ಸಾರು, ಸಬ್ಬಸಿಗೆ ಪಲ್ಯ ಬಂದರೆ ಯಾವ ಅವ್ವನೂ ಬೇಡ ಅನ್ನುವುದಿಲ್ಲ. "ಬೇಳೆ ತಿನ್ನಬಹುದು, ನೀರು ಕುಡಿಯಲೇಬೇಕು" ಅಂತ ಸಿಸ್ಟರ್ ಅಲ್ಲೇ ನಿಂತು ಹೇಳಿದರೆ ಮನೆಗೆ ಹೋದ ಮೇಲೂ ಆ ಮಾತು ನಡೆಯುತ್ತದೆ. ಇಡೀ ರಾಜ್ಯಕ್ಕೆ ಒಂದೇ ಪಟ್ಟಿ ಬೇಡ. ಕಲಬುರಗಿಯಲ್ಲಿ ಜೋಳದ ನುಚ್ಚು ಇರಲಿ, ತುಮಕೂರಿನಲ್ಲಿ ರಾಗಿ ಗಂಜಿ ಇರಲಿ, ಉಡುಪಿಯಲ್ಲಿ ಕುಚ್ಚಲಕ್ಕಿ ಗಂಜಿ ಇರಲಿ. ಅಲ್ಲಿಯ ಅವ್ವಂದಿರನ್ನು ಒಂದು ಸಲ ಕೂರಿಸಿ ಕೇಳಿದರೆ ಅವರೇ ಹೇಳುತ್ತಾರೆ.

ರಾತ್ರಿಗೆ ಏನು ಮಾಡುವುದು? ದೊಡ್ಡ ಅಡುಗೆಮನೆ ಬೇಕಿಲ್ಲ. ಹೆರಿಗೆ ವಾರ್ಡಿನ ಒಂದು ಮೂಲೆಯಲ್ಲಿ ಕರೆಂಟಿನ ಅನ್ನದ ಕುಕ್ಕರ್, ನೀರು ಕಾಯಿಸುವ ಕೆಟಲ್, ನುಚ್ಚಿನ ಡಬ್ಬಿ, ಬೇಳೆ ಡಬ್ಬಿ, ಉಪ್ಪು, ಜೀರಿಗೆ, ಒಂದು ಬಾಟಲಿ ತುಪ್ಪ. ಆದರೆ ಈ ಕೆಲಸವನ್ನು ಸಿಸ್ಟರ್ ತಲೆಗೂ ಆಯಾ ತಲೆಗೂ ಕಟ್ಟಬೇಡಿ. ರಾತ್ರಿ ಪಾಳಿಯಲ್ಲಿ ಅವರು ಎಷ್ಟು ಓಡಾಡುತ್ತಾರೆ ಅಂತ ನಾನು ಕಂಡಿದ್ದೇನೆ. ಊರಿನ ಸ್ತ್ರೀಶಕ್ತಿ ಸಂಘದ ಹೆಂಗಸರಿಗೆ ಸರಿಯಾದ ಸಂಬಳ ಕೊಟ್ಟು ರಾತ್ರಿಗೆ ಒಬ್ಬರನ್ನು ಇಡಿ. ಪುಕ್ಕಟೆ ಸೇವೆ ಅಂತ ಕರೆಯಬೇಡಿ, ಅದು ನಾಲ್ಕು ದಿನ ನಡೆದು ನಿಲ್ಲುತ್ತದೆ. ಸಮಿತಿಯ ಸದಸ್ಯರೇ, ನಿಮ್ಮ ಕೈಯಲ್ಲಿ ಆಸ್ಪತ್ರೆಯ ಸಣ್ಣಪುಟ್ಟ ಕೆಲಸಕ್ಕೆ ಬಳಸಬಹುದಾದ ಹಣ ಇರುತ್ತದೆ. ಕುಕ್ಕರ್ ಮತ್ತು ಕೆಟಲ್ ನಿಮ್ಮಿಂದಲೇ ಆಗುವ ಕೆಲಸ. ಬೆಂಗಳೂರಿನಿಂದ ಆದೇಶ ಬರಲಿ ಅಂತ ಕಾಯುವುದು ಬೇಡ. ಸಂಬಳದ ವ್ಯವಸ್ಥೆ ಮಾತ್ರ ಸಚಿವರು ಮಾಡಬೇಕು.

ಜೊತೆಗಿರುವ ಅವ್ವನಿಗೂ ಒಂದು ಬಟ್ಟಲು ಸಿಗಲಿ. ಅವಳೂ ಬೆಳಿಗ್ಗೆಯಿಂದ ಉಪವಾಸವೇ. ನನಗೆ ಬನ್ ತಿನ್ನಿಸಿದ ಅವ್ವ ತಾನು ಏನೂ ತಿಂದಿರಲಿಲ್ಲ ಅಂತ ನನಗೆ ಹೊಳೆದದ್ದು ಎಷ್ಟೋ ದಿನ ಆದ ಮೇಲೆ.

ನನ್ನ ತಂಗಿಗೆ ಈಗ ಏಳು ತಿಂಗಳು. ಬರುವ ವಾರ ಕುಬುಸ. ಅವಳಿಗೆ ಈ ಸಲ ಬರೀ ಮಾವಿನಕಾಯಿ ಬಯಕೆ, ಉಪ್ಪು ಖಾರ ಹಚ್ಚಿ ಕೊಟ್ಟಷ್ಟೂ ತಿನ್ನುತ್ತಾಳೆ. ಹೆರಿಗೆ ಅದೇ ಆಸ್ಪತ್ರೆಯಲ್ಲಿ. ಅವ್ವ ಈಗಲೇ ಎರಡು ಲೀಟರಿನ ಫ್ಲಾಸ್ಕ್ ತಂದು ಉಜ್ಜಿ ಇಟ್ಟಿದ್ದಾಳೆ. ಸಂಜೆ ಹಾಕಿದ ಗಂಜಿ ಅದರಲ್ಲಿ ನಡುರಾತ್ರಿವರೆಗೆ ಬಿಸಿ ಇರುತ್ತದೆಯೋ ಇಲ್ಲವೋ ಅಂತ ಮೊನ್ನೆ ಹಾಕಿ ನೋಡಿದಳು. ಎರಡು ಗಂಟೆಗೆ ಎದ್ದು ಮುಚ್ಚಳ ತೆಗೆದು ಬೆರಳು ಅದ್ದಿದಳು. ಉಗುರು ಬೆಚ್ಚಗೆ ಇತ್ತು.

ಅವಳ ದಿನ ತುಂಬಲು ಇನ್ನು ಎರಡು ತಿಂಗಳಿದೆ. ಅಷ್ಟರೊಳಗೆ ಆ ವಾರ್ಡಿಗೆ ಒಂದು ಕುಕ್ಕರ್ ಬರಬಹುದಾ, ದಯವಿಟ್ಟು ತಿಳಿಸಿ.

ಇತಿ,
ಹಾವೇರಿ ಜಿಲ್ಲೆಯ ಒಬ್ಬ ತಾಯಿ